ಕಲ್ಲಿನ ಹೆಸರು, ಪಟದ ಮುಖ

ನಮ್ಮ ಹೆಗ್ಗಡದೇವನಕೋಟೆ ಸೀಮೆಯ ಹಳ್ಳಿಗಳಲ್ಲಿ ಛಾಯಾಚಿತ್ರಕ್ಕೆ ‘ಪಟ’ ಎಂಬುದೇ ರೂಢಿಯ ಮಾತು. ಚೌಕಟ್ಟಿನೊಳಗಿನ ಲಕ್ಷ್ಮಿಯೂ ಪಟ, ಹುಲಿಯನ್ನೇರಿದ ಮಾದಪ್ಪನೂ ಪಟ, ಹತ್ತು ವರ್ಷದ ಹಿಂದೆ ತೀರಿಕೊಂಡ ತಾತನೂ ಪಟ. ಓದಿಕೊಂಡವರು ‘ಭಾವಚಿತ್ರ’ ಎಂದು ಬರೆಯುತ್ತೇವೆ, ಪೇಟೆಯವರು ‘ಫೋಟೋ’ ಎನ್ನುತ್ತಾರೆ. ಹಳ್ಳಿಯ ಮುದುಕಿ ಮಾತ್ರ ನಡುಮನೆಯ ಗೋಡೆಯತ್ತ ಕೈ ತೋರಿಸಿ, ‘ಅದು ನಮ್ಮ ಯಜಮಾನ್ರ ಪಟ ಕಣಪ್ಪ’ ಎನ್ನುತ್ತಾಳೆ. ದೇವರಿಗೂ ಹಿರಿಯರಿಗೂ ಒಂದೇ ಪದವನ್ನು ಬಳಸುವ ಜನ ಆ ವಸ್ತುವಿಗೆ ಯಾವ ಸ್ಥಾನವನ್ನು ಕೊಟ್ಟಿದ್ದಾರೆಂಬುದು ಇದರಿಂದಲೇ ತಿಳಿಯುತ್ತದೆ.

ಆ ಪಟಗಳನ್ನು ತೆಗೆದುಕೊಟ್ಟ ತಾಲ್ಲೂಕು ಛಾಯಾಗ್ರಾಹಕರ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂಬುದು ನನ್ನ ಬಹುದಿನಗಳ ಆಸೆ. ಆದರೆ ಅವರ ಕೆಲಸದ ಬೆಲೆ ತಿಳಿಯಬೇಕಾದರೆ, ಅವರಿಗಿಂತ ಮೊದಲು ಈ ಸೀಮೆಯಲ್ಲಿ ಇದ್ದವರನ್ನೂ ಹೋದವರನ್ನೂ ಹೇಗೆ ನೆನಪಿನಲ್ಲಿ ಇಡುತ್ತಿದ್ದರು ಎಂಬುದನ್ನು ನೋಡಬೇಕು. ಆದ್ದರಿಂದ ಸ್ವಲ್ಪ ಹಿಂದಿನಿಂದಲೇ ಆರಂಭಿಸುತ್ತೇನೆ. ಓದುಗರು ಸಹಿಸಿಕೊಳ್ಳಬೇಕು.

ನಮ್ಮ ಸೀಮೆಯ ಅತ್ಯಂತ ಹಳೆಯ ‘ಪಟ’ಗಳು ಕಲ್ಲಿನವು. ಊರ ಮುಂದೆ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿರುವ ವೀರಗಲ್ಲು ಮತ್ತು ಮಾಸ್ತಿಕಲ್ಲುಗಳನ್ನು ಎಲ್ಲರೂ ಕಂಡಿದ್ದೇವೆ. ಅವುಗಳಲ್ಲಿ ಚರಿತ್ರೆಯ ವಿದ್ಯಾರ್ಥಿಗಳೆಲ್ಲ ಬಲ್ಲದ್ದು ಬೆಳತೂರಿನ ಶಾಸನ. 1057ರ ಈ ಶಾಸನ ನುಗುನಾಡಿನ ಒಡೆಯ ರವಿಗನ ಮಗಳಾದ ದೇಕಬ್ಬೆಯ ಕಥೆಯನ್ನು ಹೇಳುತ್ತದೆ. ಆಕೆಯ ಗಂಡ ಏಚ ತಲಕಾಡಿನಲ್ಲಿ ರಾಜಾಜ್ಞೆಯಿಂದ ಮರಣಹೊಂದುತ್ತಾನೆ. ಸುದ್ದಿ ಕೇಳಿದ ದೇಕಬ್ಬೆ ಹೆತ್ತವರು ತಡೆದರೂ ಕೇಳದೆ ಬೆಂಕಿಯನ್ನು ಹೊಗುತ್ತಾಳೆ. ಆ ಪದ್ಧತಿಯನ್ನು ಇಂದು ಯಾರೂ ಒಪ್ಪಲಾರರು, ಒಪ್ಪಲೂಬಾರದು. ನಾನು ಇಲ್ಲಿ ಗಮನಿಸಬೇಕೆನ್ನುವುದು ಬೇರೊಂದು ಸಂಗತಿಯನ್ನು. ಸಾವಿರ ವರ್ಷಗಳ ಹಿಂದೆ ನಮ್ಮ ಸೀಮೆಯಲ್ಲಿ ಬದುಕಿದ್ದ ಒಬ್ಬ ಹೆಣ್ಣುಮಗಳ ಹೆಸರು, ತಂದೆಯ ಹೆಸರು, ಗಂಡನ ಹೆಸರು, ನಾಡಿನ ಹೆಸರು, ಕಾಲ, ಇಷ್ಟೂ ನಮಗೆ ಗೊತ್ತು. ಗೊತ್ತಿಲ್ಲದಿರುವುದು ಆಕೆಯ ಮುಖವೊಂದೇ.

ಇದು ಬೆಳತೂರಿಗೆ ಮಾತ್ರ ಸೇರಿದ ಮಾತಲ್ಲ. ವೀರಗಲ್ಲಿನ ಶಿಲ್ಪಿ ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ ಎಂದು ಕ್ರಮವಾಗಿ ಕೆತ್ತುತ್ತಾನೆ. ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ, ಮೇಲಕ್ಕೆತ್ತಿದ ತೋಳು. ಊರು ಯಾವುದಾದರೂ ವೀರನ ಮುಖ ಒಂದೇ ಬಗೆ, ಮಾಸ್ತಿಯ ತೋಳು ಒಂದೇ ಬಗೆ. ಸತ್ತವರು ಎಂಥವರು, ಹೇಗೆ ಸತ್ತರು ಎಂಬುದನ್ನು ಕಲ್ಲು ಹೇಳುತ್ತದೆ, ಬರಹವಿದ್ದರೆ ಹೆಸರನ್ನೂ ಹೇಳುತ್ತದೆ. ಮೂಗು ಮೊನಚೇ, ಕಣ್ಣು ಸಣ್ಣವೇ ಎಂಬುದನ್ನು ಹೇಳುವುದಿಲ್ಲ. ಅದಲ್ಲದೆ ಕಲ್ಲು ನಿಲ್ಲಿಸುವ ಶಕ್ತಿ ಇದ್ದದ್ದು ಒಡೆಯರಿಗೆ, ಗೌಡರಿಗೆ, ಕಾಳಗದಲ್ಲಿ ಮಡಿದವರಿಗೆ. ಕಾಯಿಲೆಯಿಂದ ಹಾಸಿಗೆಯಲ್ಲಿ ಸತ್ತ ಒಕ್ಕಲಿಗೆ ಕಲ್ಲು ಯಾರು ನಿಲ್ಲಿಸುತ್ತಾರೆ?

ಮುಖವನ್ನು ಇದ್ದಂತೆಯೇ ಹಿಡಿದಿಡುವ ವಿದ್ಯೆಯನ್ನು 1839ರಲ್ಲಿ ಪ್ಯಾರಿಸಿನಲ್ಲಿ ಲೋಕಕ್ಕೆ ಸಾರಿದರು. ಅದು ಮೈಸೂರು ಸೀಮೆಗೆ ಬರಲು ಬಹಳ ಕಾಲ ಹಿಡಿಯಲಿಲ್ಲ. ಕಂಪನಿಯ ಸೈನ್ಯದಲ್ಲಿದ್ದ ಲಿನಿಯಸ್ ಟ್ರೈಪ್ ಎಂಬ ಅಧಿಕಾರಿ 1854ರ ಡಿಸೆಂಬರಿನಲ್ಲಿ ಬೇಲೂರು ಹಳೇಬೀಡುಗಳ ಗುಡಿಗಳನ್ನು ಕಾಗದದ ನೆಗೆಟಿವ್‌ಗಳ ಮೇಲೆ ಸೆರೆಹಿಡಿದ. ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಅವನ ಚಿತ್ರಗಳನ್ನು ಇಟ್ಟಿದ್ದರು. ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪವನ್ನು ಕುರಿತು ಡಾ. ಪಿಗೂ ಮೊದಲಾದವರು ತೆಗೆದ ಚಿತ್ರಗಳು, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಬರಹಗಳೊಂದಿಗೆ, 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಹೀಗೆ ಕ್ಯಾಮೆರಾ ನಮ್ಮ ನಾಡಿನಲ್ಲಿ ಮೊದಲು ನೋಡಿದ್ದು ಗುಡಿಗೋಪುರಗಳನ್ನು. ಬಹಳ ಹೊತ್ತು ಬೆಳಕು ಬೇಕಾಗಿದ್ದ ಆ ದಿನಗಳಲ್ಲಿ ಅಲ್ಲಾಡದೆ ನಿಲ್ಲುವ ಕಲ್ಲೇ ಅದಕ್ಕೆ ಅನುಕೂಲವೂ ಆಗಿತ್ತು.

ಅನಂತರ ಅದು ಮನುಷ್ಯರತ್ತ ತಿರುಗಿತು, ಆದರೆ ತಿರುಗಿದ ರೀತಿ ವಿಚಿತ್ರವಾದದ್ದು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಸರ್ಕಾರಿ ಗ್ರಂಥದಲ್ಲಿ ಭಾರತದ ಜನರ ನೂರಾರು ಚಿತ್ರಗಳಿವೆ. ಬಹುಪಾಲು ಚಿತ್ರಗಳ ಕೆಳಗೆ ಇರುವುದು ಜಾತಿಯ ಹೆಸರು, ಪಂಗಡದ ಹೆಸರು. ನಿಂತ ವ್ಯಕ್ತಿ ಯಾರು ಎಂಬುದು ಬರೆದವರಿಗೆ ಬೇಕಾಗಿರಲಿಲ್ಲ. ಆಳುವವರಿಗೆ ಪ್ರಜೆಗಳ ಮಾದರಿಗಳು ಬೇಕಾಗಿದ್ದವು, ಮನುಷ್ಯರಲ್ಲ. ನಮ್ಮದೇ ಸಂಸ್ಥಾನದಲ್ಲಿ ಎಚ್.ವಿ. ನಂಜುಂಡಯ್ಯನವರೂ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರೂ ಸಿದ್ಧಪಡಿಸಿದ ‘ಮೈಸೂರು ಟ್ರೈಬ್ಸ್ ಅಂಡ್ ಕ್ಯಾಸ್ಟ್ಸ್’ 1928ರಿಂದ 1935ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂತು. ಅದು ಬಹಳ ಉಪಯುಕ್ತವಾದ ಗ್ರಂಥ. ಅಲ್ಲಿಯೂ ಚಿತ್ರದಲ್ಲಿರುವವರು ತಮ್ಮ ಪಂಗಡದ ಸಾಕ್ಷಿಗಳಾಗಿ ನಿಂತವರು. ಕಲ್ಲಿನಲ್ಲಿ ಹೆಸರಿತ್ತು, ಮುಖವಿರಲಿಲ್ಲ. ಕ್ಯಾಮೆರಾ ಬಂದ ಮೇಲೆ ಮುಖ ದೊರೆಯಿತು, ಹೆಸರು ಹೋಯಿತು.

ಅರಮನೆಯವರಿಗೆ ಈ ತೊಂದರೆ ಇರಲಿಲ್ಲ. ಮೈಸೂರು ಅರಮನೆಯ ಕಲ್ಯಾಣಮಂಟಪದಲ್ಲಿ ದಸರಾ ಮೆರವಣಿಗೆಯ 26 ವರ್ಣಚಿತ್ರಗಳಿವೆಯಷ್ಟೆ. 1934ರಿಂದ 1945ರವರೆಗೆ ಆಸ್ಥಾನದ ಕಲಾವಿದರು ಬರೆದ ಈ ಚಿತ್ರಗಳಿಗೆ ಆಧಾರವಾದವು ಮೆರವಣಿಗೆಯ ನಿಜವಾದ ಛಾಯಾಚಿತ್ರಗಳು. ನಮ್ಮ ತಾಲ್ಲೂಕಿನ ಕಾಡಿಗೂ ಕ್ಯಾಮೆರಾ ಬಂದದ್ದು ಅರಮನೆಯ ದಾರಿಯಲ್ಲಿಯೇ. ಕಾಕನಕೋಟೆಯ ಖೆಡ್ಡಾ ನೋಡಲು ಬರುತ್ತಿದ್ದ ಅತಿಥಿಗಳೊಂದಿಗೆ ಕ್ಯಾಮೆರಾಗಳೂ ಬರುತ್ತಿದ್ದವು. 1971ರಲ್ಲಿ ಕೊನೆಯ ಖೆಡ್ಡಾ ನಡೆಯುವವರೆಗೂ ನಮ್ಮ ಕಾಡು, ಆನೆ, ಹೊಳೆಗಳು ಲೆಕ್ಕವಿಲ್ಲದಷ್ಟು ಚಿತ್ರಗಳಲ್ಲಿ ಸೇರಿದವು.

ಈ ದಾರಿಯಲ್ಲಿ ಒಬ್ಬನ ಮುಖ ಮಾತ್ರ ಹೆಸರಿನ ಸಮೇತ ಜಗತ್ತನ್ನು ಸುತ್ತಿತು. ಎನ್. ಬೇಗೂರಿಗೆ ಹೆಚ್ಚು ದೂರವಲ್ಲದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು, ಮಹಾರಾಜರ ಆನೆಲಾಯದ ಮಾವುತನ ಮಗ. ಕಿಪ್ಲಿಂಗನ ಕಥೆಯೊಂದನ್ನು ಚಿತ್ರ ಮಾಡಲು ಮೈಸೂರಿಗೆ ಬಂದ ರಾಬರ್ಟ್ ಫ್ಲಾಹರ್ಟಿಯ ತಂಡದವರು ಈ ಹುಡುಗನನ್ನು ಆರಿಸಿಕೊಂಡರು. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಕಂಡಿತು. ಹುಡುಗ ಇಂಗ್ಲೆಂಡಿಗೆ ಹೋದ, ಅಲ್ಲಿಂದ ಅಮೆರಿಕಕ್ಕೆ ಹೋದ, ‘ಥೀಫ್ ಆಫ್ ಬಾಗ್ದಾದ್’, ‘ಜಂಗಲ್ ಬುಕ್’ ಚಿತ್ರಗಳಲ್ಲಿ ನಟಿಸಿ 1963ರಲ್ಲಿ ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡ. ನಮ್ಮ ತಾಲ್ಲೂಕಿನ ಮಗನೊಬ್ಬನ ಮುಖವನ್ನು ಲಂಡನ್ನಿನ ಜನ ಗುರುತಿಸುತ್ತಿದ್ದರು. ಅದೇ ಆನೆಗಳನ್ನು ಮೇಯಿಸಿ ಸಾಕಿದ ಇತರ ಮಾವುತರ, ಕಾವಾಡಿಗಳ, ಖೆಡ್ಡಾದಲ್ಲಿ ಆನೆಯ ಜಾಡು ಹಿಡಿದ ಜೇನುಕುರುಬರ ಹೆಸರು ನಮ್ಮಲ್ಲೇ ಎಷ್ಟು ಜನರಿಗೆ ಗೊತ್ತು?

ಸಾಮಾನ್ಯರನ್ನು ಆದರದಿಂದ ನೋಡಿದ ದೊಡ್ಡ ಛಾಯಾಗ್ರಾಹಕರು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923–2009) 1948ರಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆಯಿಂದ ವೃತ್ತಿಯನ್ನು ಆರಂಭಿಸಿ ದೇಶವನ್ನೆಲ್ಲ ಸುತ್ತಿದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ನಡೆಯಿತು. ಅವರಿಗೆ 1977ರಲ್ಲಿ ಪದ್ಮಶ್ರೀ ಬಂದಿತ್ತು. ನಮಗೆಲ್ಲ ಹೆಮ್ಮೆಯ ವಿಷಯ. ಆದರೆ ಸತ್ಯನ್‌ರಂಥವರ ಚಿತ್ರ ಪತ್ರಿಕೆಗೆ ಹೋಗುತ್ತದೆ, ಪುಸ್ತಕಕ್ಕೆ ಹೋಗುತ್ತದೆ. ಚಿತ್ರದೊಳಗಿನವರ ಮನೆಯ ಗೋಡೆಗೆ ಹೋಗುವುದಿಲ್ಲ. ಗೋಡೆಗೆ ಬರುವ ಪಟವನ್ನು ತೆಗೆಯಲು ಬೇರೊಬ್ಬರು ಬೇಕಿತ್ತು.

ಎನ್. ಬೇಗೂರಿನ ಸುತ್ತಲ ಹಳ್ಳಿಗಳಿಗೆ ಬರುತ್ತಿದ್ದ ಅಂಥ ಒಬ್ಬರನ್ನು ನಾನು ಸುಮಾರು ಮೂವತ್ತು ವರ್ಷ ಬಲ್ಲೆ. ಮನೆಯವರು ಹೆಸರು ಬರೆಯುವುದು ಬೇಡವೆಂದಿದ್ದಾರೆ. ಹೆಸರು ಉಳಿಯಬೇಕೆಂದು ವಾದಿಸುವ ಲೇಖನದಲ್ಲಿ ಅವರ ಹೆಸರನ್ನೇ ಬಿಡಬೇಕಾದುದು ನನಗೆ ಕಸಿವಿಸಿಯ ಸಂಗತಿಯೇ ಸರಿ, ಆದರೂ ಮನೆಯವರ ಮಾತನ್ನು ಮೀರುವಂತಿಲ್ಲ. ಊರವರು ಅವರನ್ನು ‘ಪಟದಣ್ಣ’ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ.

1970ರ ದಶಕದ ನಡುವಿನಲ್ಲಿ ನಾನು ಈ ಕಡೆಗೆ ಉಪಾಧ್ಯಾಯನಾಗಿ ಬಂದಾಗ ತಾಲ್ಲೂಕು ಕೇಂದ್ರದಲ್ಲಿ ಅವರ ಸ್ಟುಡಿಯೋ ಆಗಲೇ ಹಳೆಯದಾಗಿತ್ತು. ಮುಂದೆ ಪಟಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ, ಹಿಂದೆ ಚಿತ್ರ ತೆಗೆಯುವ ಕೋಣೆ, ಅದರ ಪಕ್ಕದಲ್ಲಿ ಕತ್ತಲೆ ಕೋಣೆ. ಗೋಡೆಗೆ ಇಳಿಬಿಟ್ಟ ಪರದೆಯ ಮೇಲೆ ಉದ್ಯಾನ, ಮೆಟ್ಟಿಲು, ಕಾರಂಜಿ. ಮೂಲೆಯಲ್ಲಿ ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ. ಮೊಳೆಗೆ ತಗುಲಿಹಾಕಿದ ಒಂದು ಕಪ್ಪು ಕೋಟು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕಟ್ಟುವ ಹುಡುಗರು, ಹೆಣ್ಣು ನೋಡಲು ಹೊರಟ ವರಗಳು, ನೌಕರಿಗೆ ಅರ್ಜಿ ಹಾಕುವವರು ಎಲ್ಲರೂ ಆ ಒಂದೇ ಕೋಟನ್ನು ತೊಟ್ಟವರು. ತೆಳ್ಳಗಿದ್ದವರಿಗೆ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಚಿಮುಟ ಸಿಕ್ಕಿಸಿ ಕೋಟನ್ನು ಬಿಗಿ ಮಾಡುತ್ತಿದ್ದರು. ಕೈಗಡಿಯಾರವಿದ್ದವರ ಕೈಯನ್ನು ಮೇಜಿನ ಮೇಲೆ ಗಡಿಯಾರ ಕಾಣುವ ಹಾಗೆ ಇರಿಸುತ್ತಿದ್ದರು. ಇದನ್ನು ನೋಡಿ ನಗುವವರಿದ್ದಾರೆ. ನಾನು ನಗಲಾರೆ. ಜೀವಮಾನದಲ್ಲಿ ಒಂದೋ ಎರಡೋ ಸಲ ಪಟ ತೆಗೆಸಿಕೊಳ್ಳುವ ಬಡವ ತಾನು ಹೇಗೆ ಇರಬೇಕೆಂದು ಬಯಸಿದ್ದನೋ ಹಾಗೆ ಉಳಿಯಲು ಇಷ್ಟಪಟ್ಟರೆ ಅದರಲ್ಲಿ ತಪ್ಪೇನು? ಅರಮನೆಯ ಚಿತ್ರಗಳಲ್ಲಿಯೂ ಆಗಿದ್ದು ಅದೇ ತಾನೇ.

ಮದುವೆಗಳಿಗೆ ಅವರು ಬಸ್ಸು ಹಿಡಿದು, ಬಸ್ಸಿಲ್ಲದ ಕಡೆ ಸೈಕಲ್ಲಿನಲ್ಲಿ ಬರುತ್ತಿದ್ದರು. ಎದೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಯಾಶಿಕಾ ಕ್ಯಾಮೆರಾ, ಒಂದು ಫ್ಲಾಶು, ಒಂದು ಚರ್ಮದ ಚೀಲ. 120 ಅಳತೆಯ ಒಂದು ಸುರುಳಿಯಲ್ಲಿ 12 ಚಿತ್ರಗಳು ಮಾತ್ರ. ಸಾಧಾರಣ ಮದುವೆಗೆ ಒಂದು ಸುರುಳಿ, ಉಳ್ಳವರ ಮದುವೆಗೆ ಎರಡು. ಆದ್ದರಿಂದ ಧಾರೆಗೆ ಒಂದು, ಮಾಂಗಲ್ಯಕ್ಕೆ ಒಂದು, ಗಂಡಿನ ಕಡೆಯವರಿಗೆ ಒಂದು, ಹೆಣ್ಣಿನ ಕಡೆಯವರಿಗೆ ಒಂದು ಎಂದು ಮೊದಲೇ ಹಂಚಿಕೆಯಾಗಬೇಕು. ಯಾರು ಕುರ್ಚಿಯಲ್ಲಿ ಕೂರಬೇಕು, ಯಾರು ಹಿಂದೆ ನಿಲ್ಲಬೇಕು ಎಂಬ ಜಗಳವನ್ನು ಅವರೇ ಬಿಡಿಸಬೇಕು. ಮಾತು ಬಿಟ್ಟ ಅಣ್ಣತಮ್ಮಂದಿರನ್ನು ‘ಒಸಿ ಹತ್ರ ಬನ್ನಿ, ಪಟದಾಗೆ ಬೀಳಕ್ಕಿಲ್ಲ’ ಎಂದು ಭುಜಕ್ಕೆ ಭುಜ ತಗುಲುವಂತೆ ನಿಲ್ಲಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕತ್ತಲೆ ಕೋಣೆಯ ಕೆಲಸ ಇನ್ನೂ ಕಷ್ಟದ್ದು. ಕೆಂಪು ದೀಪದ ಬೆಳಕಿನಲ್ಲಿ ಬ್ರೋಮೈಡ್ ಕಾಗದವನ್ನು ಡೆವಲಪರಿನಲ್ಲಿ ಅದ್ದಿ, ಮುಖ ಮೂಡಿದ ಕ್ಷಣಕ್ಕೆ ಎತ್ತಿ, ಹೈಪೋ ದ್ರಾವಣದಲ್ಲಿ ಹಾಕಿ ಚಿತ್ರವನ್ನು ಸ್ಥಿರಗೊಳಿಸಿ, ಬಹಳ ಹೊತ್ತು ನೀರಿನಲ್ಲಿ ತೊಳೆಯಬೇಕು. ತೊಳೆಯುವುದರಲ್ಲಿ ಸೋಮಾರಿತನ ಮಾಡಿದರೆ ಕೆಲವೇ ವರ್ಷಗಳಲ್ಲಿ ಪಟ ಹಳದಿಗೆ ತಿರುಗುತ್ತದೆ. ಅವರು ತೊಳೆದ ಪಟಗಳು ನಲವತ್ತು ವರ್ಷಗಳಾದರೂ ಕಪ್ಪು ಕಪ್ಪಾಗಿ, ಬಿಳುಪು ಬಿಳುಪಾಗಿ ಉಳಿದಿವೆ. ನೆಗೆಟಿವಿನ ಮೇಲೆ ಸೀಸದಕಡ್ಡಿಯ ಮೊನೆಯಿಂದ ಸಿಡುಬಿನ ಕಲೆಗಳನ್ನು ತುಂಬುವ ಕಲೆಯೂ ಅವರಿಗೆ ಗೊತ್ತಿತ್ತು. ಗೊತ್ತಿದ್ದರೂ ಕೇಳದೆ ಮಾಡುತ್ತಿರಲಿಲ್ಲ.

ನನ್ನ ಶಾಲೆಗೆ ಅವರು ವರ್ಷಕ್ಕೊಮ್ಮೆ ಬರುತ್ತಿದ್ದರು. ಏಳನೆಯ ತರಗತಿ ಮುಗಿಸಿ ಹೋಗುವ ಮಕ್ಕಳ ಗುಂಪುಚಿತ್ರ. ಮುಂದೆ ನೆಲದ ಮೇಲೆ ಒಂದು ಸಾಲು, ನಡುವೆ ಕುರ್ಚಿಗಳಲ್ಲಿ ನಾವು, ಹಿಂದೆ ನಿಂತ ಒಂದು ಸಾಲು, ಅದರ ಹಿಂದೆ ಬೆಂಚಿನ ಮೇಲೆ ಒಂದು ಸಾಲು. ಮುಂದಿನ ಹುಡುಗನ ಕೈಯಲ್ಲಿ ಶಾಲೆಯ ಹೆಸರು ಮತ್ತು ವರ್ಷ ಬರೆದ ಸ್ಲೇಟು. ಪ್ರತಿಯೊಂದಕ್ಕೆ ಕೊಡಬೇಕಾದ ಹಣ ಎಲ್ಲ ಮಕ್ಕಳ ಬಳಿಯೂ ಇರುತ್ತಿರಲಿಲ್ಲ. ಹಾಡಿಯಿಂದ ಬರುತ್ತಿದ್ದ ಜೇನುಕುರುಬರ ಮಕ್ಕಳಲ್ಲಿ ಅಂದು ಶಾಲೆಗೇ ಬಾರದವರೂ ಇದ್ದರು. ಪಟದಣ್ಣ ಅವರಿಗಾಗಿ ಕಾಯುತ್ತಿದ್ದರು. ‘ಕಾಸು ಆಮೇಲ್ ನೋಡನ ಮೇಷ್ಟ್ರೆ, ಎಲ್ಲಾ ಮಕ್ಕಳೂ ನಿಲ್ಲಲಿ’ ಎನ್ನುತ್ತಿದ್ದರು. ಆ ಮಕ್ಕಳಲ್ಲಿ ಅನೇಕರ ಬಾಲ್ಯಕ್ಕೆ ಉಳಿದಿರುವ ಏಕೈಕ ಸಾಕ್ಷಿ ಆ ಗುಂಪುಚಿತ್ರ.

ಜಾತ್ರೆಗಳಲ್ಲಿಯೂ ಅವರಿಗೆ ಬಿಡುವಿರುತ್ತಿರಲಿಲ್ಲ. ಭೀಮನಕೊಲ್ಲಿಯ ಮಾದಪ್ಪನ ಜಾತ್ರೆ, ಚಿಕ್ಕದೇವಮ್ಮನ ಬೆಟ್ಟದ ಜಾತ್ರೆಗಳಲ್ಲಿ ಎರಡು ಗಳು ನೆಟ್ಟು ಪರದೆ ಕಟ್ಟಿದರೆ ಅದೇ ಸ್ಟುಡಿಯೋ. ಮುಡಿ ಕೊಟ್ಟ ಮಗುವಿನೊಂದಿಗೆ ತಾಯಿ, ಹೊಸದಾಗಿ ಮದುವೆಯಾದವರು, ಜೊತೆಗಾರರು ಸಾಲುಗಟ್ಟುತ್ತಿದ್ದರು. ಪಟ ತೆಗೆಸಿಕೊಂಡರೆ ಆಯಸ್ಸು ಕುಗ್ಗುತ್ತದೆ ಎಂದು ನಂಬಿದ್ದ ಮುದುಕರು ಮಾತ್ರ ದೂರ ನಿಂತು ನೋಡುತ್ತಿದ್ದರು.

ಹಾಗೆ ದೂರ ನಿಂತವರಿಂದಲೇ ಅವರ ವೃತ್ತಿಯ ಕಠಿಣವಾದ ಭಾಗ ಹುಟ್ಟುತ್ತಿತ್ತು. ಪಟವೇ ಇಲ್ಲದೆ ಹಿರಿಯರು ತೀರಿಕೊಂಡಾಗ ಮನೆಯವರು ಮೊದಲು ಓಡಿಬರುತ್ತಿದ್ದುದು ಸ್ಟುಡಿಯೋಗೆ. ನಮ್ಮ ಕಡೆ ಶವವನ್ನು ಗೋಡೆಗೆ ಆನಿಸಿ ಕೂರಿಸಿ, ಪೇಟ ಸುತ್ತಿ, ಹಣೆಗೆ ವಿಭೂತಿಯನ್ನೋ ಕುಂಕುಮವನ್ನೋ ಇಟ್ಟು, ಹಾರ ಹಾಕುವ ಪದ್ಧತಿಯುಂಟು. ಸುತ್ತ ಮಕ್ಕಳು ಮೊಮ್ಮಕ್ಕಳನ್ನು ನಿಲ್ಲಿಸಿ ಒಂದು ಚಿತ್ರ, ಮುಖವನ್ನೇ ಹತ್ತಿರದಿಂದ ಒಂದು ಚಿತ್ರ. ಅಳುವ ಮನೆಯಲ್ಲಿ ‘ಒಸಿ ಇತ್ಲಾಗೆ ನೋಡಿ’ ಎಂದು ಹೇಳುವುದು ಸುಲಭವಲ್ಲ. ಅವರು ಹೇಳುತ್ತಲೂ ಇರಲಿಲ್ಲ. ಅಳು ತಾನಾಗಿ ಒಂದು ಗಳಿಗೆ ನಿಲ್ಲುವವರೆಗೆ ಬಾಗಿಲ ಬಳಿ ನಿಂತು ಕಾಯುತ್ತಿದ್ದರು. ಆ ಮನೆಗಳಲ್ಲಿ ನೀರೂ ಕುಡಿಯದೆ ಹಿಂದಿರುಗುತ್ತಿದ್ದರು. ಹಾಲುತುಪ್ಪದ ಶಾಸ್ತ್ರ ಮುಗಿದು ಹನ್ನೊಂದನೆಯ ದಿನದ ತಿಥಿಯೊಳಗೆ ದೊಡ್ಡದು ಮಾಡಿದ ಪಟ ಕಟ್ಟು ಹಾಕಿಸಿಕೊಂಡು ಮನೆ ಸೇರಬೇಕು. ಮುಚ್ಚಿದ ಕಣ್ಣುಗಳನ್ನು ಕುಂಚದಿಂದ ತೆರೆಸಿಕೊಡಿ ಎಂದು ಕೇಳುವವರಿದ್ದರು. ಅದನ್ನೂ ಮಾಡುತ್ತಿದ್ದರು.

ಮಾರ್ನಮಿಯ ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆ ಇಡುವ ಮನೆಗಳಲ್ಲಿ ಹಿಂದೆ ಕಳಶದ ಮುಂದೆ ಹೊಸ ಬಟ್ಟೆ ಇಟ್ಟು ಪೂಜೆ ನಡೆಯುತ್ತಿತ್ತು. ಪಟ ಬಂದ ಮೇಲೆ ಎಡೆ ಪಟದ ಮುಂದಕ್ಕೆ ಬಂತು. ಹಿರಿಯರೆಂದರೆ ಹೆಸರಿಲ್ಲದ ಒಂದು ಗುಂಪಾಗಿದ್ದವರು ಈಗ ಇಂಥ ಮೂಗಿನ, ಇಂಥ ಮೀಸೆಯ ಅಜ್ಜನಾದರು. ಒಡೆಯರಿಗಷ್ಟೇ ಇದ್ದ ಸ್ಮಾರಕದ ಭಾಗ್ಯವನ್ನು ಬಡ ಒಕ್ಕಲಿನ ಮನೆಗೂ ತಂದುಕೊಟ್ಟವರು ತಾಲ್ಲೂಕಿನ ಈ ಛಾಯಾಗ್ರಾಹಕರು ಎಂದು ನಾನು ಹೇಳುವುದು ಈ ಕಾರಣದಿಂದ.

ನಮ್ಮ ಸೀಮೆಯಲ್ಲಿ ಈ ಪಟಗಳಿಗೆ ಇನ್ನೂ ಒಂದು ಬೆಲೆಯಿದೆ. 1959ರಲ್ಲಿ ಆರಂಭವಾಗಿ 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನಿಂದ ಅನೇಕ ಹಳ್ಳಿಗಳು ನೀರಿನಡಿಗೆ ಹೋದವು. ಪುನ್ನಾಟರ ರಾಜಧಾನಿ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿದ ಕಿತ್ತೂರೂ ಅವುಗಳಲ್ಲಿ ಒಂದು. ಊರು ಬಿಡುವ ಮುನ್ನ ಮನೆಯ ಮುಂದೆ ನಿಂತು ಪಟ ತೆಗೆಸಿಕೊಂಡ ಕುಟುಂಬಗಳು ಕೆಲವು ಇದ್ದವು ಎಂದು ಪಟದಣ್ಣ ಹೇಳುತ್ತಿದ್ದರು. ಜನ ಮುಖ ನೋಡಲೆಂದು ತೆಗೆಸಿದ ಆ ಪಟಗಳಲ್ಲಿ ಇಂದು ಹಿಂದಿನ ಜಗಲಿ, ಕಂಬ, ತುಳಸಿಕಟ್ಟೆ, ಬೇಲಿಯಾಚೆಯ ಹುಣಸೆಮರಗಳೇ ಚರಿತ್ರೆಯಾಗಿವೆ. ಮುಳುಗಿದ ಊರಿನ ಬೀದಿಯನ್ನು ಮೊಮ್ಮಕ್ಕಳಿಗೆ ತೋರಿಸಲು ಬೇರೆ ದಾರಿಯಿಲ್ಲ.

ಪಟದಣ್ಣ ಒಂದು ಉದ್ದನೆಯ ಪುಸ್ತಕ ಇಟ್ಟಿದ್ದರು. ಪ್ರತಿ ನೆಗೆಟಿವಿಗೆ ಒಂದು ಸಂಖ್ಯೆ. ಸಂಖ್ಯೆಯ ಮುಂದೆ ಹೆಸರು, ಊರು, ದಿನಾಂಕ, ಮುಂಗಡ. ಪಟದ ಹಿಂಬದಿಯಲ್ಲಿ ಸ್ಟುಡಿಯೋದ ರಬ್ಬರ್ ಮುದ್ರೆಯ ಕೆಳಗೆ ಅದೇ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ನೆಗೆಟಿವ್‌ಗಳ ಪೆಟ್ಟಿಗೆಗಳು ತೂಕಕ್ಕೆ ಮಾರಾಟವಾದವು. ಫಿಲ್ಮಿನ ಮೇಲಿನ ಬೆಳ್ಳಿಯನ್ನು ತೆಗೆದು ಮಾರುವ ವ್ಯಾಪಾರಿಗಳಿದ್ದಾರೆ. ಸಂಸಾರ ನಡೆಸಬೇಕಾದ ಮಕ್ಕಳನ್ನು ಇದಕ್ಕಾಗಿ ದೂರುವಂತಿಲ್ಲ. ಉಳಿದದ್ದು ಪುಸ್ತಕವೊಂದೇ. ಅದನ್ನು ಅವರ ಮಗ ನನಗೆ ನೋಡಲು ಕೊಟ್ಟರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬರೊಂದಿಗೆ ಕೆಲವು ಊರುಗಳಲ್ಲಿ ಮನೆಮನೆಗೆ ಹೋಗಿ, ಪಟಗಳನ್ನು ಗೋಡೆಯಿಂದ ಇಳಿಸಿ, ಹಿಂಬದಿಯ ಸಂಖ್ಯೆಯನ್ನು ಪುಸ್ತಕದೊಂದಿಗೆ ಹೋಲಿಸಿ ನೋಡಿದೆವು. ಕೆಲವು ಪಟಗಳಿಗೆ ಕಾಲವೂ ಊರೂ ದೊರೆತವು.

ಆಗ ಒಂದು ವಿಷಯ ಎದ್ದು ಕಂಡಿತು. ಪುಸ್ತಕದಲ್ಲಿರುವುದು ಹಣ ಕೊಟ್ಟ ಯಜಮಾನನ ಹೆಸರು. ಹೆಂಗಸರ ಹೆಸರಿಲ್ಲ. ನೀರಿಗೆ ಊರು ಬಿಟ್ಟು ಬಂದವರ ಒಂದು ಮನೆಯಲ್ಲಿ ಅಂಥ ಪಟವಿತ್ತು. ಆ ಮನೆಯ ಹೆಣ್ಣುಮಗಳಿಗೀಗ ಅರವತ್ತು ದಾಟಿದೆ. ಹೆರಿಗೆಯಲ್ಲಿಯೇ ತಾಯಿಯನ್ನು ಕಳೆದುಕೊಂಡವರು. ಪಟದಲ್ಲಿ ಸೆರಗು ಹೊದ್ದ ಐವರು ಹೆಂಗಸರು ಸಾಲಾಗಿ ನಿಂತಿದ್ದಾರೆ. ಅವರಲ್ಲಿ ಒಬ್ಬಾಕೆ ತನ್ನ ತಾಯಿ ಎಂಬುದು ಗೊತ್ತು, ಯಾರೆಂಬುದು ಗೊತ್ತಿಲ್ಲ. ಅಷ್ಟು ವರ್ಷ ಎಡೆ ಇಟ್ಟದ್ದು ಐವರಿಗೂ ಸೇರಿಸಿ. ಪುಸ್ತಕ ನೆರವಿಗೆ ಬರಲಿಲ್ಲ. ಕೊನೆಗೆ ಪಕ್ಕದ ಬೀದಿಯ ಒಬ್ಬ ಮುದುಕಿಯನ್ನು ಕರೆತಂದಾಗ ಆಕೆ ಗಾಜಿನ ಮೇಲೆ ಬೆರಳಿಟ್ಟು, ‘ಇವಳೇ ಕಣವ್ವ ನಿಮ್ಮವ್ವ, ಎಡಗಡೆ ಮೂಗುಬೊಟ್ಟು ನೋಡು’ ಎಂದಳು. ಆ ಹೆಣ್ಣುಮಗಳು ಏನೂ ಮಾತನಾಡದೆ ಬಹಳ ಹೊತ್ತು ಪಟವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಬೆರಳಿಟ್ಟು ತೋರಿಸಿದ ಮುದುಕಿ ಮರುವರ್ಷ ಇರಲಿಲ್ಲ.

ನಮ್ಮ ಹಳ್ಳಿಗಳ ಎಷ್ಟೋ ಹೆಂಗಸರಿಗೆ ಮುಖ ಮತ್ತು ಹೆಸರು ಒಂದೇ ಕಡೆ ದೊರೆತದ್ದು ಬಹಳ ತಡವಾಗಿ. 1993ರಲ್ಲಿ ಟಿ.ಎನ್. ಶೇಷನ್ ಅವರ ಕಾಲದಲ್ಲಿ ಚುನಾವಣಾ ಆಯೋಗ ಮತದಾರರ ಭಾವಚಿತ್ರದ ಗುರುತಿನ ಚೀಟಿಯನ್ನು ಜಾರಿಗೆ ತಂದಿತು. ಶಾಲೆಯ ಕೊಠಡಿಯಲ್ಲಿ ಗೋಡೆಗೆ ಬಟ್ಟೆ ಕಟ್ಟಿ ಚಿತ್ರ ತೆಗೆಯುತ್ತಿದ್ದ ಆ ದಿನಗಳಲ್ಲಿ ಉಪಾಧ್ಯಾಯರಾದ ನಾವು ಹೆಸರು ಕೂಗುವ ಕೆಲಸದಲ್ಲಿದ್ದೆವು. ಆಯಸ್ಸಿಗೆ ಹೆದರಿ ಜಾತ್ರೆಯಲ್ಲಿ ದೂರ ನಿಂತಿದ್ದ ಅಜ್ಜಿಯರೂ ಹಾಡಿಯ ಹೆಂಗಸರೂ ಅಂದು ಮೊದಲ ಸಲ ಕ್ಯಾಮೆರಾದ ಮುಂದೆ ಕುಳಿತರು. ಆ ಚೀಟಿಯಲ್ಲಿನ ಮಸುಕು ಮುಖವನ್ನೇ ದೊಡ್ಡದು ಮಾಡಿಸಿ, ಹಾರ ಹಾಕಿ, ಗೋಡೆಯಲ್ಲಿ ಇರಿಸಿದ ಮನೆಗಳನ್ನು ನಾನು ಬಹಳ ಕಂಡಿದ್ದೇನೆ.

ಪಟದಣ್ಣನವರ ವೃತ್ತಿ ಮುಗಿದದ್ದು ಮೆಲ್ಲಮೆಲ್ಲನೆ. ಮೊದಲು ಬಣ್ಣದ ಫಿಲ್ಮು ಬಂದು ಕತ್ತಲೆ ಕೋಣೆಯ ಕೆಲಸ ಮೈಸೂರಿನ ಕಲರ್ ಲ್ಯಾಬುಗಳಿಗೆ ಹೋಯಿತು. ಗುಂಡ್ಲುಪೇಟೆ ದಾಟಿ ಘಟ್ಟ ಹತ್ತಿದರೆ ಸಿಗುವ ಉದಕಮಂಡಲದಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ 1967ರಿಂದ ‘ಇಂದು’ ಹೆಸರಿನ ಫಿಲ್ಮು ಮತ್ತು ಕಾಗದ ತಯಾರಿಸುತ್ತಿತ್ತು. ಅದೂ ಮುಚ್ಚಿತು. ಡಿಜಿಟಲ್ ಬಂತು, ಮೊಬೈಲ್ ಬಂತು. ಈಗ ಪ್ರತಿಯೊಬ್ಬರ ಜೇಬಿನಲ್ಲಿ ಕ್ಯಾಮೆರಾ ಇದೆ. ದಿನಕ್ಕೆ ನೂರು ಚಿತ್ರ ತೆಗೆಯುತ್ತೇವೆ. ಮೊಬೈಲ್ ಕೆಟ್ಟ ದಿನ ನೂರೂ ಹೋಗುತ್ತವೆ. ಇತ್ತ ಕಬಿನಿಯ ಹಿನ್ನೀರಿನ ಕಾಡಿಗೆ ದೇಶವಿದೇಶಗಳಿಂದ ದೊಡ್ಡ ಮಸೂರಗಳ ಕ್ಯಾಮೆರಾ ಹಿಡಿದವರು ಬರುತ್ತಿದ್ದಾರೆ. ಇಲ್ಲಿನ ಕಪ್ಪು ಚಿರತೆಯೊಂದು ‘ಸಾಯಾ’ ಎಂಬ ಹೆಸರಿನೊಂದಿಗೆ ಜಗತ್ತಿಗೆಲ್ಲ ಪರಿಚಿತವಾಯಿತು. ನನಗೆ ಸಂತೋಷವೇ. ಕಾಡಿನ ಚಿರತೆಗೆ ಹೆಸರೂ ಮುಖವೂ ಇರುವ ಊರಿನಲ್ಲಿ, ಕಾಡಂಚಿನ ಮನೆಯ ಗೋಡೆಯ ಮೇಲಿನ ಅಜ್ಜಿಗೂ ಎರಡೂ ಇರಲಿ ಎಂಬುದಷ್ಟೇ ನನ್ನ ಮಾತು.

ಇದಕ್ಕೆ ಹಣ ಬೇಕಿಲ್ಲ, ಸರ್ಕಾರದ ಯೋಜನೆ ಬೇಕಿಲ್ಲ. ಮನೆಯ ಹಳೆಯ ಪಟಗಳನ್ನು ಒಮ್ಮೆ ಇಳಿಸಿ. ಕಟ್ಟಿನ ಹಿಂದಿನ ರಟ್ಟಿನ ಮೇಲೆ, ಸಾಧ್ಯವಾದರೆ ಪಟದ ಹಿಂಬದಿಯ ಅಂಚಿನಲ್ಲಿ, ಎಡದಿಂದ ಬಲಕ್ಕೆ ಯಾರು ಯಾರು, ಯಾವ ಊರು, ಯಾವ ವರ್ಷ ಎಂದು ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಬಾಲ್‌ಪೆನ್ನು ಬೇಡ, ಅದರ ಒತ್ತು ಮುಂದಿನ ಮುಖದ ಮೇಲೆ ಮೂಡುತ್ತದೆ. ಗಾಜಿಗೆ ಅಂಟಿಕೊಂಡ ಪಟವನ್ನು ಕೀಳಲು ಹೋಗಬೇಡಿ. ಅಂಟಿದ ಹಾಗೆಯೇ ನೆರಳಿನಲ್ಲಿಟ್ಟು, ಬೆಳಕು ಮಿನುಗದಂತೆ ಮೊಬೈಲಿನಲ್ಲಿ ಒಂದು ಪ್ರತಿ ತೆಗೆದುಕೊಳ್ಳಿ. ನೆಗೆಟಿವ್‌ಗಳೇನಾದರೂ ಇದ್ದರೆ ಪ್ಲಾಸ್ಟಿಕ್ಕಿನಿಂದ ತೆಗೆದು ಕಾಗದದ ಲಕೋಟೆಗಳಲ್ಲಿಟ್ಟು ತೇವವಿಲ್ಲದ ಕಡೆ ಇರಿಸಿ. ಹೆಂಗಸರ ಹೆಸರುಗಳನ್ನು ಮೊದಲು ಬರೆಯಿರಿ, ಮರೆತುಹೋಗುವವು ಅವೇ.

ಬರೆಯುವಾಗ ಮನೆಯ ಅತ್ಯಂತ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಪಟದಲ್ಲಿರುವವರನ್ನು ಜೀವಂತವಾಗಿ ಕಂಡ ಕಣ್ಣುಗಳು ಇನ್ನು ಹೆಚ್ಚು ಉಳಿದಿಲ್ಲ. ಈ ಮಾರ್ನಮಿಗೆ ಎಡೆ ಇಡುವ ಮುಂಚೆಯೇ ಈ ಕೆಲಸ ಆಗಲಿ.